ಬಣ್ಣ ಗಾಜಿನೊಳಗಿದೆಯೋ, ಮೇಲಿದೆಯೋ?

ಅಂಕೋಲಾದಿಂದ ಕುಮಟಾಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಒಂದು ಹಳೆಯ ಹಂಚಿನ ಮನೆಯನ್ನು ಬಿಚ್ಚುತ್ತಿದ್ದರು. ರಸ್ತೆ ಅಗಲಿಸುವ ಕೆಲಸಕ್ಕೆ ಅದರ ಜಗುಲಿ ಹೋಗಿ ವರ್ಷಗಳೇ ಆಗಿದ್ದವು. ಉಳಿದ ಭಾಗದಲ್ಲಿ ಯಾರೂ ವಾಸವಿರಲಿಲ್ಲ. ಸಾಗವಾನಿಯ ದಾರಂದಗಳನ್ನು ಒಂದು ಕಡೆ ಒಟ್ಟಿದ್ದರು, ಹಂಚುಗಳನ್ನು ಎಣಿಸಿ ಸಾಲಾಗಿ ನಿಲ್ಲಿಸಿದ್ದರು, ತೊಲೆಗಳ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆದಿದ್ದರು. ಬಾಗಿಲ ಮೇಲಿನ ಕಮಾನಿನಲ್ಲಿದ್ದ ಬಣ್ಣದ ಗಾಜುಗಳು ಮಾತ್ರ ಒಂದು ಸಿಮೆಂಟ್ ಚೀಲದಲ್ಲಿ ಬಿದ್ದಿದ್ದವು. ಅವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಚೀಲಕ್ಕೆ ನೂರು ರೂಪಾಯಿ ಕೊಟ್ಟು ಶಿರಸಿಗೆ ತಂದೆ. ಒಡೆಯದೆ ಉಳಿದದ್ದು ಆರು: ಮೂರು ಕೆಂಪು, ಎರಡು ಹಸಿರು, ಒಂದು ನೀಲಿ.

ಸೀಗೆಪುಡಿ ಹಾಕಿ ತೊಳೆದು ಕೆಂಪು ಗಾಜೊಂದನ್ನು ಬೆಳಕಿಗೆ ಹಿಡಿದೆ. ದಾಳಿಂಬೆ ಬೀಜದ ಕೆಂಪು. ಒಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಅವೂ ದುಂಡಗಿರದೆ, ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಉದ್ದವಾಗಿದ್ದವು. ಆಮೇಲೆ ಅಂಚನ್ನು ಕಣ್ಣಿನ ನೇರಕ್ಕೆ ತಂದು ನೋಡಿದಾಗ ಬೆರಗಾಯಿತು. ಗಾಜಿನ ಮೈಯೆಲ್ಲ ತಿಳಿಯಾಗಿಯೇ ಇತ್ತು. ಅದರ ಒಂದು ಬದಿಗೆ ಮಾತ್ರ ಹಾಲಿನ ಕೆನೆಯಷ್ಟು ತೆಳ್ಳಗೆ ಕೆಂಪು ಪದರ. ಉಗುರಿನಿಂದ ಕೆರೆದೆ, ಬ್ಲೇಡಿನಿಂದ ಕೆರೆದೆ. ಒಂದು ಕಣವೂ ಏಳಲಿಲ್ಲ.

ಅದೇ ವಾರ ನಮ್ಮ ದೇವರ ಕೋಣೆಯ ಬಾಗಿಲನ್ನು ಕಳಚಬೇಕಾಯಿತು. ಮನೆ ಕಟ್ಟಿಸುವಾಗ ಒಂದು ಅಂಗಡಿಯವರು ಕಲಾತ್ಮಕ ಗಾಜು ಎಂದು ಹೇಳಿ ಕೊಟ್ಟದ್ದು. ನಡುವೆ ಗಣಪತಿ, ಎರಡೂ ಪಕ್ಕ ದೀಪದ ಕಂಬ, ಕೆಳಗೆ ತಾವರೆ. ಮೊದಲ ಎರಡು ವರ್ಷ ನೋಡಿದವರೆಲ್ಲ ಹೊಗಳಿದರು. ನಾಲ್ಕನೆಯ ಮಳೆಗಾಲಕ್ಕೆ ತಾವರೆಯ ಮೂಲೆ ಮೇಲೆದ್ದು, ಅದರಡಿಯಲ್ಲಿ ಬೂಸಲು ಕಪ್ಪಗೆ ಹಬ್ಬಿತ್ತು. ಬಾಗಿಲು ಬಿಚ್ಚಲು ಬಂದ ಆಚಾರಿಯವರು ಉಳಿಯ ಮೊನೆಯನ್ನು ಅಂಚಿಗೆ ತಾಗಿಸಿದ್ದೇ ತಡ, ದೀಪದ ಕಂಬ ಸಿಪ್ಪೆಯಂತೆ ಸುರುಳಿ ಸುತ್ತಿ ಬಂತು. "ಅಕ್ಕಾ, ಇದು ಗಾಜಿನ ಬಣ್ಣವಲ್ಲ. ಗಾಜಿಗೆ ಅಂಟಿಸಿದ ಬಣ್ಣ" ಎಂದರು.

ನೂರು ರೂಪಾಯಿಯ ಚೀಲ, ಸಾವಿರಾರು ರೂಪಾಯಿಯ ಬಾಗಿಲು. ಇವೆರಡರ ನಡುವಿನ ಅಂತರವನ್ನು ಅರ್ಥ ಮಾಡಿಕೊಳ್ಳಲು ಹೊರಟೆ. ಕಾರವಾರ, ಕುಮಟಾ, ಹೊನ್ನಾವರ, ಶಿರಸಿ ಎಲ್ಲೆಲ್ಲೂ ಈಗ ಹೊಸ ಮನೆ ಕಟ್ಟುವವರು ಅಲಂಕಾರದ ಗಾಜಿಗೆ ಒಳ್ಳೆಯ ಹಣ ಸುರಿಯುತ್ತಿದ್ದಾರೆ. ಅದರ ಜೊತೆಯಲ್ಲೇ ಹಳೆಯ ಮನೆಗಳ ಗಾಜು ಗುಜರಿಗೆ ಹೋಗುತ್ತಿದೆ. ಈ ಬಗ್ಗೆ ಮಾತು ಬಂದಾಗಲೆಲ್ಲ ಹಳೆಯ ಕೈಕಸುಬು ಒಳ್ಳೆಯದು, ಹೊಸ ಯಂತ್ರ ಕೆಟ್ಟದ್ದು ಎಂಬಲ್ಲಿಗೆ ಚರ್ಚೆ ನಿಲ್ಲುತ್ತದೆ. ಆ ಗೆರೆಯನ್ನು ತಪ್ಪು ಜಾಗದಲ್ಲಿ ಎಳೆದಿದ್ದೇವೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಕರಾವಳಿಗೂ ಘಟ್ಟಕ್ಕೂ ಹೊಂದುವ ಪ್ರಶ್ನೆ ಬೇರೆ ಇದೆ: ಬಣ್ಣ ಗಾಜಿನ ಒಳಗಿದೆಯೋ, ಗಾಜಿನೊಂದಿಗೆ ಬೆಂದಿದೆಯೋ, ಇಲ್ಲ ಬರೀ ಮೇಲೆ ಕೂತಿದೆಯೋ?

ಗಾಜು ಎಂದರೆ ಕರಗಿಸಿದ ಮರಳು. ಬರೀ ಮರಳು ಕರಗಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೋಡಾ ಸೇರಿಸಿದರೆ ಅಷ್ಟು ಶಾಖ ಬೇಡ. ಸೋಡಾ ಮಾತ್ರ ಇದ್ದರೆ ಗಾಜು ನೀರಿಗೆ ಸೋಲುತ್ತದೆ, ಆದ್ದರಿಂದ ಸುಣ್ಣದ ಅಂಶವೂ ಬೇಕು. ಕಿಟಕಿಯ ಗಾಜಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಸಿಲಿಕಾ, ಅಂದರೆ ಮರಳಿನ ಮುಖ್ಯ ಅಂಶ. ಕಾರವಾರದ ಕಡಲ ತೀರದಲ್ಲಿ ಇಷ್ಟೊಂದು ಮರಳಿರುವಾಗ ನಾವೇಕೆ ಗಾಜು ಮಾಡಬಾರದು ಎಂದು ಕೇಳುವವರಿದ್ದಾರೆ. ತೀರದ ಮರಳಿನಲ್ಲಿ ಚಿಪ್ಪಿನ ಚೂರು, ಕಬ್ಬಿಣದ ಅಂಶ ಬೆರೆತಿರುತ್ತವೆ. ಕಬ್ಬಿಣ ಸ್ವಲ್ಪವೇ ಇದ್ದರೂ ಗಾಜು ಹಸಿರಾಗುತ್ತದೆ. ತಿಳಿ ಗಾಜಿನ ಅಂಚು ಹಸಿರಾಗಿ ಕಾಣುವುದೂ ಇದೇ ಕಾರಣಕ್ಕೆ.

ಕುಲುಮೆಯಲ್ಲಿ ಕುದಿಯುವ ಗಾಜಿಗೇ ಲೋಹದ ಅಂಶ ಬೆರೆಸಿದರೆ ಬಣ್ಣ ಗಾಜಿನ ಒಡಲಲ್ಲೇ ಹುಟ್ಟುತ್ತದೆ. ಕೋಬಾಲ್ಟ್ ಚಿಟಿಕೆಯಷ್ಟಿದ್ದರೆ ಗಾಢ ನೀಲಿ, ಮ್ಯಾಂಗನೀಸ್ ನೇರಳೆ, ಕ್ರೋಮಿಯಂ ಹಸಿರು, ತಾಮ್ರ ಕುಲುಮೆಯ ಗಾಳಿಗೆ ತಕ್ಕಂತೆ ನೀಲಿ ಹಸಿರೂ ಆಗುತ್ತದೆ, ರಕ್ತಗೆಂಪೂ ಆಗುತ್ತದೆ. ತಾಮ್ರದ ಕೆಂಪಿಗೆ ಒಂದು ತೊಡಕಿದೆ. ಹಾಳೆಯ ಪೂರ್ತಿ ದಪ್ಪಕ್ಕೆ ಆ ಕೆಂಪನ್ನೇ ತುಂಬಿದರೆ ಬೆಳಕು ದಾಟದೆ ಗಾಜು ಕಪ್ಪಾಗಿ ಕಾಣುತ್ತದೆ. ಅದಕ್ಕೆ ಯುರೋಪಿನ ಗಾಜುಗಾರರು ಕಂಡುಕೊಂಡ ಉಪಾಯವೇ ನನ್ನ ಕೈಗೆ ಬಂದ ತುಂಡಿನ ಗುಟ್ಟು. ಊದುಗೊಳವೆಯ ತುದಿಯಲ್ಲಿ ಕೆಂಪು ಗಾಜನ್ನೂ ತಿಳಿ ಗಾಜನ್ನೂ ಒಂದರ ಮೇಲೊಂದು ಸುತ್ತಿಕೊಂಡು ಒಟ್ಟಿಗೆ ಊದುತ್ತಾರೆ. ತೂಗಾಡಿಸುತ್ತ ಊದಿದಂತೆ ಅದು ಉದ್ದನೆಯ ಉರುಳೆಯಾಗುತ್ತದೆ. ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ, ಮತ್ತೆ ಕಾಯಿಸಿ, ಬಾಳೆಯ ಹೊದಿಕೆಯನ್ನು ಬಿಡಿಸುವಂತೆ ಹಾಳೆಯಾಗಿ ಬಿಡಿಸುತ್ತಾರೆ. ಗುಳ್ಳೆಗಳೆಲ್ಲ ಒಂದೇ ದಿಕ್ಕಿಗೆ ಉದ್ದವಾಗಿದ್ದುದು ಅದಕ್ಕೇ. ಯಾರೋ ಒಬ್ಬರ ಉಸಿರು ಆ ಗಾಜಿನಲ್ಲಿ ಉದ್ದಕ್ಕೆ ಮಲಗಿದೆ.

ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರು. ಕಾರವಾರ ಬಂದರಿಗೂ ಮುಂಬಯಿಗೂ ಹಡಗಿನ ಸಂಪರ್ಕವಿತ್ತು. ಅನುಕೂಲಸ್ಥರ ಮನೆಗಳಿಗೆ ಆ ಪೇಟೆಯ ಸಾಮಾನು ಬರುತ್ತಿತ್ತು. ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲಿನ ಗಾಜಿನ ಚಾವಣಿಯನ್ನು ಗ್ಲಾಸ್ಗೋದಲ್ಲಿ ಮಾಡಿಸಿದ್ದು ಎಲ್ಲರಿಗೂ ಗೊತ್ತಿದೆ. ಅಂಥ ಕೆಲಸದಲ್ಲಿ ಗಾಜಿನ ಚೂರುಗಳನ್ನು ಸೀಸದ ಪಟ್ಟಿಯ ಎರಡು ಬದಿಯ ಸಂದಿಗೆ ಕೂರಿಸಿ, ಕೂಡುವಲ್ಲಿ ಬೆಸುಗೆ ಹಾಕುತ್ತಾರೆ. ನಮ್ಮ ಕರಾವಳಿಯ ಮನೆಗಳ ರೂಢಿ ಇದಕ್ಕಿಂತ ಸರಳ. ಆಚಾರಿಯವರು ಸಾಗವಾನಿಯಲ್ಲಿ ಸೂರ್ಯಕಿರಣದಂತೆ ಪಟ್ಟಿ ಕೆತ್ತಿ, ಒಂದೊಂದು ಕಂಡಿಗೆ ಒಂದೊಂದು ಬಣ್ಣದ ಗಾಜು ಕೂರಿಸಿ, ಸಣ್ಣ ರೀಪು ಹೊಡೆಯುತ್ತಿದ್ದರು. ಗಾಜು ಪರದೇಶದ್ದು, ಕಲೆ ಇಲ್ಲಿಯ ಮರಗೆಲಸದ್ದು. ಹಾಗಾಗಿ ಒಂದು ಗಾಜು ಒಡೆದರೆ ಅದೊಂದನ್ನೇ ಬದಲಿಸಬಹುದಿತ್ತು. ಹಾಳಾದದ್ದನ್ನು ರಿಪೇರಿ ಮಾಡಲು ಊರಿನವರೇ ಸಾಕು ಎಂಬ ಈ ಗುಣವನ್ನು ನಾವು ಸಾಕಷ್ಟು ಬೆಲೆ ಕಟ್ಟದೆ ಬಿಟ್ಟಿದ್ದೇವೆ.

ಒಡಲಲ್ಲೇ ಬಣ್ಣವಿರುವ ಗಾಜು ನೋಡಲು ಅರಮನೆಗೇ ಹೋಗಬೇಕಿಲ್ಲ. ಕರಿಮಣಿ ಇದೆಯಲ್ಲ, ಅದೂ ಬಣ್ಣದ ಗಾಜೇ. ಹಳೆಯ ಕರಿಮಣಿಯ ಒಂದು ಚಕ್ಕೆ ಸಿಕ್ಕರೆ ಮೊಬೈಲಿನ ಟಾರ್ಚಿಗೆ ಹಿಡಿದು ನೋಡಿ. ಕಪ್ಪೆಂದುಕೊಂಡದ್ದು ಎಷ್ಟೋ ಸಲ ಅಂಚಿನಲ್ಲಿ ಕಡು ನೇರಳೆಯಾಗಿಯೋ ಕಂದು ಹಸಿರಾಗಿಯೋ ಕಾಣುತ್ತದೆ. ಲೋಹದ ಅಂಶ ಅಷ್ಟು ದಟ್ಟವಾಗಿರುವುದರಿಂದ ಬೆಳಕು ದಾಟುವುದಿಲ್ಲ, ಅಷ್ಟೆ. ಗಿಡಮರ ಬೆಳೆಸಿ ಹೆಸರಾದ, ಹಾಲಕ್ಕಿ ಸಮುದಾಯದ ಅಂಕೋಲಾದ ತುಳಸಿ ಗೌಡರು 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಜಮಖಾನೆಯ ಮೇಲೆ ನಡೆದಾಗ ದೇಶವೆಲ್ಲ ನೋಡಿದ್ದು ಹಾಲಕ್ಕಿ ಹೆಂಗಸರ ಮಣಿಸರಗಳನ್ನೂ ಸೇರಿಸಿ. ಎದೆ ತುಂಬುವ ಆ ಸರಗಳ ಸೌಂದರ್ಯವಿರುವುದು ಸಾವಿರಾರು ಸಣ್ಣ ಮಣಿಗಳು ಒಟ್ಟಾಗಿ ಬೆಳಕು ಹಿಡಿಯುವುದರಲ್ಲಿ. ಇಂಥ ಸಣ್ಣ ಮಣಿ ಮಾಡುವ ಕ್ರಮ ದಕ್ಷಿಣ ಭಾರತಕ್ಕೆ ತೀರ ಹಳೆಯದು: ಬಿಸಿ ಗಾಜಿನ ಮುದ್ದೆಗೆ ತೂತು ಮಾಡಿ, ನೂಲಿನಂತೆ ಉದ್ದಕ್ಕೆ ಎಳೆದು, ಆ ತೆಳು ಕೊಳವೆಯನ್ನು ತುಂಡರಿಸಿ, ಮತ್ತೆ ಕಾಯಿಸಿ ಅಂಚು ದುಂಡಗಾಗಿಸುವುದು. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಈ ಕೆಲಸ ನಡೆಯುತ್ತಿತ್ತು. ಆಂಧ್ರದ ಪಾಪಾನಾಯ್ಡುಪೇಟೆಯಲ್ಲಿ ಇದೇ ಕ್ರಮ ಇಪ್ಪತ್ತನೆಯ ಶತಮಾನದವರೆಗೂ ಉಳಿದು ಬಂದಿತ್ತು. ಈಗ ಪೇಟೆಯಲ್ಲಿ ಪ್ಲಾಸ್ಟಿಕ್ ಮಣಿ ಬೇಕಾದಷ್ಟಿದೆ. ಕೆನ್ನೆಗೆ ತಾಗಿಸಿದರೆ ಸಾಕು, ಗೊತ್ತಾಗುತ್ತದೆ: ಗಾಜು ತಣ್ಣಗೆ, ಪ್ಲಾಸ್ಟಿಕ್ ಹಾಗಲ್ಲ.

ಎರಡನೆಯ ಬಗೆ, ಗಾಜಿನೊಂದಿಗೆ ಬೆಂದ ಬಣ್ಣ. ಬೆಳ್ಳಿಯ ಲವಣವನ್ನು ಗಾಜಿಗೆ ಬಳಿದು ಗೂಡಿನಲ್ಲಿ ಕಾಯಿಸಿದರೆ ಬೆಳ್ಳಿ ಗಾಜಿನ ಮೈಯೊಳಕ್ಕೆ ಇಳಿದು ನಿಂಬೆ ಹಳದಿಯಿಂದ ಜೇನಿನ ಬಣ್ಣದವರೆಗೆ ಬರುತ್ತದೆ. ಯುರೋಪಿನ ಚರ್ಚುಗಳಲ್ಲಿ ಇದು ಹದಿನಾಲ್ಕನೆಯ ಶತಮಾನದ ಆರಂಭದಿಂದ ರೂಢಿಗೆ ಬಂತು. ಇನ್ನೊಂದು, ನುಣ್ಣಗೆ ಅರೆದ ಗಾಜಿನ ಪುಡಿಗೆ ಬಣ್ಣ ಬೆರೆಸಿ ಚಿತ್ರ ಬರೆದು ಸುಡುವುದು. ಇಲ್ಲಿ ಹೊಸ ಯಂತ್ರದ ಪರವಾಗಿ ಒಂದು ಮಾತು ಹೇಳಲೇಬೇಕು. ಇಂದಿನ ಸೆರಾಮಿಕ್ ಡಿಜಿಟಲ್ ಪ್ರಿಂಟ್ ಮಾಡುವುದು ಈ ಹಳೆಯ ಕೆಲಸವನ್ನೇ. ಗಾಜಿನ ಪುಡಿಯಿರುವ ಶಾಯಿಯಿಂದ ಚಿತ್ರ ಮುದ್ರಿಸಿ, ಗಾಜನ್ನು ಟಫನ್ ಮಾಡಲು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಗೊಳಿಸಲು, 600 ಡಿಗ್ರಿಗೂ ಮೇಲೆ ಕಾಯಿಸುವಾಗ ಶಾಯಿಯೂ ಕರಗಿ ಗಾಜಿಗೆ ಬೆಸೆದುಕೊಳ್ಳುತ್ತದೆ. ಅದು ನಮ್ಮ ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ. ಯಂತ್ರದಲ್ಲಿ ಮಾಡಿದ್ದು ಎಂಬ ಕಾರಣಕ್ಕೆ ಅದನ್ನು ಹಳಿಯುವುದು ಅನ್ಯಾಯ.

ಮೂರನೆಯದು ಮೇಲೆ ಕೂತ ಬಣ್ಣ. ಅಂಟಿಸುವ ಫಿಲ್ಮ್, ಹಿಂಬದಿಗೆ ಬಳಿಯುವ ಲ್ಯಾಕರ್, ಯುವಿ ಬೆಳಕಿನಲ್ಲಿ ಒಣಗಿಸುವ ಶಾಯಿಯ ಪ್ರಿಂಟ್, ಇವೆಲ್ಲ ಈ ಗುಂಪಿನವು. ಸಾಂಪ್ರದಾಯಿಕವೆಂದು ನಾವು ಕೊಂಡಾಡುವ ಗಾಜಿನ ಹಿಂಬದಿಯ ಚಿತ್ರಕಲೆಯೂ ಇದೇ ಗುಂಪಿಗೆ ಸೇರುತ್ತದೆ. ತಂಜಾವೂರು, ಮೈಸೂರು ಕಡೆಯ ದೇವರ ಪಟಗಳಲ್ಲಿ ಕಲಾವಿದರು ಎಲ್ಲವನ್ನೂ ಹಿಂದುಮುಂದಾಗಿ ಬರೆಯುತ್ತಿದ್ದರು. ಮೊದಲು ಕಣ್ಣಿನ ಗೆರೆ ಮತ್ತು ಒಡವೆ, ನಂತರ ಮೈಬಣ್ಣ, ಕಡೆಗೆ ಹಿನ್ನೆಲೆ. ಒಮ್ಮೆ ತಪ್ಪಿದರೆ ತಿದ್ದಲು ಬರುವುದಿಲ್ಲ. ಅಂಥ ಕೈಚಳಕದ ಪಟಗಳೂ ತೇವಕ್ಕೆ ಸೋಲುತ್ತವೆ. ಬಣ್ಣ ಗಾಜಿನಿಂದ ಬಿಟ್ಟು ಹಕ್ಕಳೆಯಾಗಿ ಉದುರುತ್ತದೆ. ಮನೆಯಲ್ಲಿ ಅಂಥ ಪಟವಿದ್ದರೆ ಹೊರಗೋಡೆಗೆ ತೂಗುಹಾಕಬೇಡಿ, ಹಿಂಬದಿಯನ್ನು ಒರೆಸಲೇಬೇಡಿ.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಗಾಳಿಯಲ್ಲೇ ಉಪ್ಪಿರುವ ತೀರದಲ್ಲಿ ಈ ವಿಂಗಡಣೆ ಬರೀ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಉಪ್ಪಿನ ಕಣ ಗಾಳಿಯ ತೇವವನ್ನು ಎಳೆದುಕೊಂಡು ಅಂಚಿನಲ್ಲಿ ಹಿಡಿದಿಡುತ್ತದೆ. ಫಿಲ್ಮಿನ ಅಂಟು ಸಡಿಲವಾಗುವುದು ಅಲ್ಲಿಂದ. ಕನ್ನಡಿಯ ಕೆಳಗಿನ ಅಂಚು ಮೊದಲು ಕಪ್ಪಾಗುವುದೂ ಅಲ್ಲಿಂದಲೇ. ಬೆಳ್ಳಿಯ ತೆಳು ಪದರವನ್ನು ತೇವ ಅಂಚಿನಿಂದ ತಿನ್ನುತ್ತ ಒಳಗೆ ಹೋಗುತ್ತದೆ. ಚಿರೆಕಲ್ಲಿನ ಗೋಡೆಗೆ ಕನ್ನಡಿಯನ್ನು ನೇರ ಅಂಟಿಸದೆ ಹಿಂದೆ ಗಾಳಿಯಾಡಲು ಸಂದು ಬಿಡಬೇಕು, ಅಂಚುಗಳನ್ನು ಮುಚ್ಚಬೇಕು. ಯಕ್ಷಗಾನದ ವೇಷದ ಒಡವೆಗಳಲ್ಲಿ ಹಗುರ ಮರದ ಮೇಲೆ ಬೇಗಡೆ, ಕನ್ನಡಿ ಚೂರು ಕೂರಿಸುವ ಕಲೆ ನಮ್ಮದು. ದೀಪದ ಬೆಳಕಿಗೆ ಆ ಚೂರುಗಳು ಮಿಂಚುವಾಗ ವೇಷಕ್ಕೆ ಬರುವ ಜೀವ ಪ್ಲಾಸ್ಟಿಕ್ ಹರಳಿಗೆ ಬರುವುದಿಲ್ಲ ಎಂದು ಆಟ ನೋಡುತ್ತ ಬೆಳೆದ ನನಗೆ ಅನಿಸುತ್ತದೆ.

ತಿಳಿ ಗಾಜನ್ನೂ ನಮ್ಮ ಮಳೆಗಾಲ ಬಿಡುವುದಿಲ್ಲ. ಗಾಜಿನ ಹಾಳೆಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರೆ ನಡುವೆ ನಿಂತ ನೀರು ಗಾಜಿನ ಸೋಡಾ ಅಂಶವನ್ನು ಹೀರಿ ಕ್ಷಾರವಾಗುತ್ತದೆ, ಆ ಕ್ಷಾರ ಗಾಜನ್ನೇ ತಿನ್ನುತ್ತದೆ. ಮೊದಲು ಕಾಮನಬಿಲ್ಲಿನಂಥ ಕಲೆ, ಆಮೇಲೆ ಒರೆಸಿದರೂ ಹೋಗದ ಬಿಳಿ ಮಂಜು. ಅಟ್ಟದಲ್ಲಿ ಹಳೆಯ ಗಾಜು ಇಟ್ಟವರು ನಡುವೆ ಒಣ ಕಾಗದ ಹಾಕಿ, ನಿಲ್ಲಿಸಿ ಇಡಿ.

ಬಣ್ಣವಿಲ್ಲದ ಅಲಂಕಾರದ ದಾರಿಯೂ ಒಂದಿದೆ, ಗಾಜಿನ ಮೈಯನ್ನೇ ಕೊರೆಯುವುದು. ಮರಳನ್ನು ಗಾಳಿಯ ಒತ್ತಡದಿಂದ ಊದಿ ಗಾಜನ್ನು ಮಸುಕಾಗಿಸುವ ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಅಮೆರಿಕದಲ್ಲಿ 1870ರಲ್ಲೇ ಪೇಟೆಂಟ್ ಸಿಕ್ಕಿತ್ತು. ಒಳ್ಳೆಯ ಕೆಲಸಗಾರ ಹಂತಹಂತವಾಗಿ ಆಳ ಬದಲಿಸುತ್ತ ಹೂವಿನ ಎಸಳಿಗೆ ಉಬ್ಬು ತರುತ್ತಾನೆ. ಇದು ಮಳೆಗೆ ಹೋಗುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ದೇವರ ಕೋಣೆಯ ಬಾಗಿಲಿಗೆ ನನ್ನ ಮೊದಲ ಸಲಹೆ ಇದೇ. ಆದರೆ ಕೊರೆತ ಮುಗಿದ ಮೇಲೆ ಗಾಜನ್ನು ಟಫನ್ ಮಾಡಬೇಕು. ಟಫನ್ ಆದ ಗಾಜನ್ನು ಮತ್ತೆ ಕತ್ತರಿಸಲು, ತೂತು ಕೊರೆಯಲು ಬರುವುದಿಲ್ಲ, ಇಡೀ ಹಾಳೆ ಪುಡಿಯಾಗುತ್ತದೆ.

ಇಲ್ಲಿ ನನಗೆ ಸಿಟ್ಟು ಬರುವ ವಿಷಯವೂ ಇದೆ. ಸ್ಯಾಂಡ್‌ಬ್ಲಾಸ್ಟಿಂಗ್ ಮಾಡುವ ಒಂದು ಶೆಡ್ಡಿನಲ್ಲಿ ಹುಡುಗನೊಬ್ಬ ಮುಖಕ್ಕೆ ಟವಲು ಕಟ್ಟಿಕೊಂಡು ಮರಳು ಊದುತ್ತಿದ್ದುದನ್ನು ಕಣ್ಣಾರೆ ಕಂಡೆ. ಅವನ ರೆಪ್ಪೆಗಳೆಲ್ಲ ಬಿಳಿಯಾಗಿದ್ದವು. ಆ ದೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಇರುತ್ತದೆ. ಟವಲು ಅದನ್ನು ತಡೆಯುವುದಿಲ್ಲ. ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದಕ್ಕೆ ಗುಣವಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಕೈಗವಸು ತೂರಿಸಿ ಮಾಡುವ ವ್ಯವಸ್ಥೆಯಿದೆ, ದೂಳೆಳೆಯುವ ಯಂತ್ರವಿದೆ, ಮರಳಿನ ಬದಲು ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಗಾರ್ನೆಟ್ ಬಳಸಬಹುದು. ಆಮ್ಲದಿಂದ ಎಚ್ಚಿಂಗ್ ಮಾಡುವುದು ಇನ್ನೂ ಅಪಾಯದ್ದು. ಗಾಜನ್ನು ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲ ತೆಳುವಾಗಿದ್ದರೆ ಚರ್ಮಕ್ಕೆ ಬಿದ್ದ ಕ್ಷಣದಲ್ಲಿ ಉರಿಯುವುದೂ ಇಲ್ಲ. ಒಳಗಿಳಿದು ಮೈಯ ಕ್ಯಾಲ್ಸಿಯಂ ಅನ್ನೇ ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ ಗ್ಲೂಕೋನೇಟ್ ಮುಲಾಮು ಪಕ್ಕದಲ್ಲಿಲ್ಲದೆ ಆ ಡಬ್ಬಿಯ ಮುಚ್ಚಳವನ್ನೇ ತೆಗೆಯಬಾರದು. ನಮ್ಮ ದೇವರ ಕೋಣೆಯ ಗಾಜಿಗಾಗಿ ಒಬ್ಬನ ಉಸಿರು ಹೋಗುವುದು ಬೇಡ. ಅಂಗಡಿಯವರನ್ನು ಇದನ್ನೂ ಕೇಳಿ.

ಇತ್ತೀಚೆಗೆ ಗೋಕರ್ಣ, ಮುರುಡೇಶ್ವರದ ಕಡೆ ಪ್ರವಾಸಿಗಳು ಬಿಟ್ಟು ಹೋಗುವ ಬಾಟಲಿಗಳನ್ನು ಕರಗಿಸಿ ಅಲಂಕಾರದ ವಸ್ತು ಮಾಡಬಾರದೇ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆಸೆ ಒಳ್ಳೆಯದು, ಆದರೆ ಒಂದು ಎಚ್ಚರ ಬೇಕು. ವಿದ್ಯುತ್ ಗೂಡಿನಲ್ಲಿ ಸುಮಾರು 650 ಡಿಗ್ರಿಗೆ ಗಾಜು ಬಾಗಿ ಅಚ್ಚಿಗೆ ಕೂರುತ್ತದೆ, 800ರ ಆಸುಪಾಸಿನಲ್ಲಿ ಚೂರುಗಳು ಒಂದಾಗುತ್ತವೆ. ತೊಂದರೆ ಶುರುವಾಗುವುದು ತಣಿಯುವಾಗ. ಒಂದೊಂದು ಗಾಜು ಒಂದೊಂದು ಪ್ರಮಾಣದಲ್ಲಿ ಕುಗ್ಗುತ್ತದೆ. ಹಸಿರು ಬಾಟಲಿಗೆ ಕಂದು ಬಾಟಲಿ ಬೆಸೆದರೆ ಗೂಡಿನಿಂದ ಚೆಂದವಾಗಿಯೇ ಹೊರಬರುತ್ತದೆ. ಆಮೇಲೆ ಮೂರನೆಯ ದಿನವೋ ಮೂರನೆಯ ವಾರವೋ ಕಪಾಟಿನಲ್ಲಿ ಕೂತಲ್ಲೇ ಟಪ್ಪೆಂದು ಸೀಳುತ್ತದೆ. ಆದ್ದರಿಂದ ಒಂದು ವಸ್ತುವಿಗೆ ಒಂದೇ ಬಾಟಲಿಯ ಗಾಜು ಬಳಸುವುದು ಕ್ಷೇಮ. ಜೊತೆಗೆ 500 ಡಿಗ್ರಿಯ ಸುತ್ತಮುತ್ತ ಹೊತ್ತು ಕೊಟ್ಟು, ನಿಧಾನವಾಗಿ ತಣಿಸಬೇಕು. ಒಳಗೆ ಬಿಗಿ ಉಳಿದಿದೆಯೇ ಎಂದು ಮನೆಯಲ್ಲೇ ನೋಡಬಹುದು. ಲ್ಯಾಪ್‌ಟಾಪ್ ಪರದೆಯನ್ನು ಪೂರ್ತಿ ಬಿಳಿಯಾಗಿಸಿ, ಪೋಲರಾಯ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ, ನಡುವೆ ಗಾಜು ಹಿಡಿಯಿರಿ. ಬೆಸುಗೆಯ ಸುತ್ತ ಬೆಳಕಿನ ಉಂಗುರ ಕಂಡರೆ ಅದು ಒಡೆಯುವ ವಸ್ತು. ಅದನ್ನು ಮಾರಬೇಡಿ.

ಬಣ್ಣ ಒಡಲಲ್ಲೇ ಇರುವ, ಬಾಯಿಂದ ಊದಿದ ಹಾಳೆಗಳನ್ನು ಮಾಡುವ ಕಾರ್ಖಾನೆಗಳು ಲೋಕದಲ್ಲೇ ಬೆರಳೆಣಿಕೆಯಷ್ಟು ಉಳಿದಿವೆ. ಜರ್ಮನಿಯ ವಾಲ್ಡ್‌ಸಾಸೆನ್‌ನಲ್ಲಿ ಒಂದಿದೆ. 1959ರಲ್ಲಿ ಬ್ರಿಟನ್ನಿನ ಪಿಲ್ಕಿಂಗ್‌ಟನ್ ಕಂಪನಿ ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಪ್ರಕಟಿಸಿದ ಮೇಲೆ ಕಿಟಕಿ ಗಾಜಿನ ಲೋಕವೇ ಬದಲಾಯಿತು. ಕೈಯಿಂದ ಗಾಜು ಮಾಡುವ ಅರಿವನ್ನು ಯುನೆಸ್ಕೋ 2023ರಲ್ಲಿ ಆರು ಯುರೋಪಿಯನ್ ದೇಶಗಳ ಹೆಸರಿನಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಥ ಗಾಜನ್ನು ತರಿಸಿಕೊಳ್ಳುವುದು ಸಾಮಾನ್ಯ ಮನೆಯವರಿಗೆ ಆಗದ ಮಾತು. ನಮ್ಮ ಅಟ್ಟಗಳಲ್ಲಿ, ಬೀಳುತ್ತಿರುವ ಮನೆಗಳ ಕಮಾನುಗಳಲ್ಲಿ ಅದೇ ಜಾತಿಯ ಗಾಜು ಇನ್ನೂ ಇದೆ. ಹೆದ್ದಾರಿಗೆ ಮನೆ ತೆರವು ಮಾಡುವಾಗ ಪರಿಹಾರದ ಪಟ್ಟಿಯಲ್ಲಿ ಮರಕ್ಕೂ ಗೋಡೆಗೂ ಬೆಲೆ ಕಟ್ಟುವವರು ಇವುಗಳ ಒಂದು ಫೋಟೊವನ್ನಾದರೂ ತೆಗೆದಿಡುವಂತಾಗಬೇಕು. ಮನೆಯವರಂತೂ ಗುಜರಿಯವನಿಗೆ ಕೊಡುವ ಮೊದಲು ಅಂಚನ್ನೊಮ್ಮೆ ನೋಡಬೇಕು. ಕಳಚುವಾಗ ಗಾಜನ್ನು ತಳ್ಳಬಾರದು. ರೀಪಿನ ಮೊಳೆಯನ್ನು ಮೊದಲು ಕಿತ್ತರೆ ಗಾಜು ತಾನೇ ಸಡಿಲವಾಗುತ್ತದೆ.

ನಮ್ಮ ಬಾಗಿಲಿಗೆ ಈಗ ಹೊಸ ಚೌಕಟ್ಟು ಬಂದಿದೆ. ಕೆಳಗೆ ಹಲಸಿನ ಹಲಗೆ, ಮೇಲೆ ಆರು ಕಂಡಿ. ಆಚಾರಿಯವರು ಎರಡು ದಿನ ಅಳೆದು, ಗಾಜಿಗೆ ತಕ್ಕಂತೆ ಮರ ಕೆತ್ತಿದರು. ಗಾಜಿನ ಒಂದು ಮೂಲೆಯನ್ನೂ ಕತ್ತರಿಸಲಿಲ್ಲ. "ಕೆಂಪಿನ ಪದರ ಯಾವ ಬದಿಗಿರಲಿ ಅಕ್ಕಾ?" ಎಂದು ಕೇಳಿದರು. ಒಳಬದಿಗೆ ಎಂದೆ, ಗೀರು ಬೀಳದಿರಲಿ ಎಂದು. ಬೆಳಗ್ಗೆ ಏಳೂವರೆಯ ಹೊತ್ತಿಗೆ ಬಿಸಿಲು ಜಗುಲಿಯ ಕಿಟಕಿಯಿಂದ ಹಾದು ಅದಕ್ಕೆ ಬೀಳುತ್ತದೆ. ದೇವರ ಮುಂದಿನ ಸೆಗಣಿ ಸಾರಿಸಿದ ನೆಲದ ಮೇಲೆ ಮೂರು ಕೆಂಪು, ಎರಡು ಹಸಿರು, ಒಂದು ನೀಲಿ ಚೌಕ ಮೂಡಿ, ಪೂಜೆ ಮುಗಿಯುವಷ್ಟರಲ್ಲಿ ಗೋಡೆಯ ಕಡೆಗೆ ಸರಿದಿರುತ್ತವೆ.